ಟ್ರೇಲರ್ ಕೊಳ್ಳುವ ಮೊದಲು ಕಾರಿನ ಬಾಗಿಲು ತೆರೆದು ನೋಡು

ಸೋದರಳಿಯನಿಗೆ,

ಟ್ರೇಲರ್ ವಿಚಾರವಾಗಿ ನೀನು ಎರಡು ಪ್ರಶ್ನೆ ಕೇಳಿದ್ದೆ. ನೋಡಿಟ್ಟಿರುವ ಹದಿನೇಳು ಅಡಿಯ ಟ್ರೇಲರನ್ನು ಮನೆಯಲ್ಲಿರುವ ರಾವ್‌ಫೋರ್ ಹೈಬ್ರಿಡ್ ಎಳೆಯುತ್ತದೆಯೇ? ಎಳೆಯದಿದ್ದರೆ ಯಾವ ಗಾಡಿ ಕೊಳ್ಳಬೇಕು? ಮೊದಲನೆಯದಕ್ಕೆ ಉತ್ತರ ಸುಲಭ. ಎಳೆಯಬಾರದು. ಆ ಕಾರಿಗೆ ಟೊಯೋಟಾ ಗೊತ್ತುಮಾಡಿರುವ ಮಿತಿ 1,750 ಪೌಂಡ್; ನೀನು ಕಳಿಸಿದ ವಿವರದ ಪ್ರಕಾರ ಟ್ರೇಲರ್ ಖಾಲಿ ಇದ್ದಾಗಲೇ 2,800 ಪೌಂಡ್ ತೂಗುತ್ತದೆ. ಎರಡನೆಯದಕ್ಕೆ ಮಾತ್ರ ಫೋನಿನಲ್ಲಿ ಒಂದು ಕಾರಿನ ಹೆಸರು ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸ್ಯಾನ್ ಹೋಸೆ, ಡಬ್ಲಿನ್ ಕಡೆಯ ನಮ್ಮ ಎಷ್ಟೋ ಹುಡುಗ-ಹುಡುಗಿಯರು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮೆಕ್ಯಾನಿಕಲ್ ಎಂಜಿನಿಯರಾಗಿ ದುಡಿದು ನಿವೃತ್ತನಾದವನ ಪತ್ರ ಇದು, ಲೆಕ್ಕ ಬರುತ್ತದೆ. ಬಿಡದೆ ಓದು.

ಊರಿನಲ್ಲಿ ಕುಳಿತು ಓದುವವರಿಗಾಗಿ ಒಂದೆರಡು ಮಾತು. ಟ್ರಾವೆಲ್ ಟ್ರೇಲರ್ ಎಂದರೆ ಎಂಜಿನ್ ಇಲ್ಲದ, ಚಕ್ರದ ಮೇಲಿರುವ ಒಂದು ಕೋಣೆಯ ಮನೆ. ಹಾಸಿಗೆ, ಒಲೆ, ಸಿಂಕು ಇರುತ್ತವೆ, ಕೆಲವುಗಳಲ್ಲಿ ಬಚ್ಚಲೂ ಇರುತ್ತದೆ. ಕಾರಿನ ಹಿಂದೆ ಕೂರಿಸಿದ ಉಕ್ಕಿನ ಗುಂಡಿಗೆ ಅದರ ಮೂತಿಯನ್ನು ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೋ ಎಂಬಾತ ಫೈಬರ್‌ಗ್ಲಾಸಿನ, ಮೊಟ್ಟೆಯಾಕಾರದ ಬೋಲರ್ ಎಂಬ ಪುಟ್ಟ ಟ್ರೇಲರ್ ತಯಾರಿಸಿದ. ಅದೇ ಜಾತಿಯ ಸ್ಕ್ಯಾಂಪ್ ಇವತ್ತಿಗೂ ಮಿನೆಸೋಟಾದ ಬ್ಯಾಕಸ್ ಎಂಬ ಸಣ್ಣ ಊರಿನಲ್ಲಿ, ಕಸೀಟಾ ಟೆಕ್ಸಾಸ್‌ನಲ್ಲಿ ತಯಾರಾಗುತ್ತವೆ. ಹದಿಮೂರು ಅಡಿಯ ಸ್ಕ್ಯಾಂಪ್ ಖಾಲಿ ಇದ್ದಾಗ 1,500 ಪೌಂಡಿನ ಆಸುಪಾಸು. ಅಲ್ಯೂಮಿನಿಯಂ ಮೈಯ, ಹದಿನಾರು ಅಡಿಯ ಏರ್‌ಸ್ಟ್ರೀಮ್ ಬ್ಯಾಂಬಿ ಸಾಮಾನು ತುಂಬಿದಾಗ 3,500 ಪೌಂಡ್ ಮುಟ್ಟಬಹುದು. ಕಿಲೋ ಲೆಕ್ಕ ಬೇಕಾದವರು 2.2ರಿಂದ ಭಾಗಿಸಿಕೊಳ್ಳಿ.

ಈಗ ನಿನ್ನ ವಿಚಾರ. ಕಾರಿನ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಸಂಖ್ಯೆ ಟೋ ರೇಟಿಂಗ್. 'ಇದು 5,000 ಪೌಂಡ್ ಎಳೆಯುತ್ತದೆ, ನಿಮ್ಮ ಟ್ರೇಲರ್ 2,800, ಯೋಚನೆಯೇ ಬೇಡ' ಎನ್ನುತ್ತಾರೆ. ಟ್ರೇಲರ್ ಮಾರುವವರೂ ಅದನ್ನೇ ಹೇಳುತ್ತಾರೆ. ಎರಡೂ ಸಂಖ್ಯೆಗಳು ಕಾಗದದ ಮೇಲೆ ನಿಜವೇ. ಆದರೆ ನಿನ್ನ ಸಂಸಾರ ಹತ್ತಿ ಕೂತ ಮೇಲೆ ಆ ಎರಡರಲ್ಲಿ ಒಂದೂ ನಿಲ್ಲುವುದಿಲ್ಲ. ಅದಕ್ಕೇ ಈ ಪತ್ರ.

ಕಾರಿನ ಡ್ರೈವರ್ ಬಾಗಿಲು ತೆರೆ. ಬಾಗಿಲು ಮುಚ್ಚಿದಾಗ ಬಂದು ಕೂರುವ ಕಂಬದ ಮೇಲೆ ಅಂಗೈಯಗಲದ ಒಂದು ಸ್ಟಿಕರ್ ಇದೆ. ಬಿಳಿಯ ಮೇಲೆ ಒಂದು ಹಳದಿ ಪಟ್ಟಿ. ಟೈರಿಗೆ ಎಷ್ಟು ಗಾಳಿ ಹಾಕಿಸಬೇಕು ಎಂದು ನೋಡಲು ನಾವು ಯಾವಾಗಲಾದರೂ ಬಗ್ಗುವುದು ಅಲ್ಲಿಗೇ. ಗಾಳಿಯ ಲೆಕ್ಕದ ಮೇಲೆ ಒಂದು ಸಾಲಿದೆ: ಕೂತವರು ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ಕಿಲೋ, ಇಷ್ಟು ಪೌಂಡ್ ಎಂದೂ ಮೀರಬಾರದು. ಇದೇ ಪೇಲೋಡ್. ಇದು ಆ ಮಾದರಿಯ ಎಲ್ಲ ಕಾರುಗಳಿಗೂ ಸೇರಿಸಿ ಬರೆದ ಸಂಖ್ಯೆಯಲ್ಲ, ನಿನ್ನ ಮುಂದೆ ನಿಂತಿರುವ ಆ ಒಂದು ಕಾರಿನದು. ಪಕ್ಕದಲ್ಲಿ ಅದೇ ಹೆಸರಿನ, ಗಾಜಿನ ಛಾವಣಿ, ದೊಡ್ಡ ಚಕ್ರ, ಬಿಸಿಯಾಗುವ ಸೀಟು ಎಲ್ಲ ಇರುವ ದುಬಾರಿ ಕಾರು ನಿಂತಿದ್ದರೆ ಅದರ ಬಾಗಿಲನ್ನೂ ತೆರೆದು ನೋಡು. ಸಂಖ್ಯೆ ಇಳಿದಿರುತ್ತದೆ. ಸೊಗಸಿಗೆ ಸೇರಿಸಿದ ಪ್ರತಿಯೊಂದು ವಸ್ತುವಿನ ತೂಕವೂ ಹೊರುವ ಶಕ್ತಿಯಿಂದಲೇ ಕಳೆದುಹೋಗುತ್ತದೆ. ದೊಡ್ಡ ಪಿಕಪ್ ಟ್ರಕ್ಕುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ನೀನು ಮೂರು ಸಾಲು ಸೀಟಿನ ಒಂದು ಎಸ್‌ಯುವಿ ಕೊಳ್ಳುತ್ತೀ, ಅದರ ಟೋ ರೇಟಿಂಗ್ 5,000, ಬಾಗಿಲಿನ ಸ್ಟಿಕರಿನಲ್ಲಿ 1,300 ಪೌಂಡ್ ಎಂದಿದೆ ಎಂದಿಟ್ಟುಕೊಳ್ಳೋಣ. ಈ ಬೇಸಿಗೆಯಲ್ಲಿ ನನ್ನ ಅಕ್ಕ-ಭಾವ, ಅಂದರೆ ನಿನ್ನ ಅಪ್ಪ-ಅಮ್ಮ, ಆರು ತಿಂಗಳಿಗೆಂದು ಬರುತ್ತಾರೆ. ಟ್ರೇಲರ್ ಆಸೆ ಹುಟ್ಟಿರುವುದೇ ಅವರಿಗೆ ಯೊಸೆಮಿಟಿ, ಲೇಕ್ ಟಾಹೋ ತೋರಿಸಬೇಕು ಎಂದಲ್ಲವೇ. ನೀನು 170, ನಮ್ಮ ಸೊಸೆ 140, ಭಾವ 150, ಅಕ್ಕ 140, ಮಕ್ಕಳಿಬ್ಬರೂ ಸೇರಿ 105, ಅವರ ಕಾರ್ ಸೀಟುಗಳು 30. ಇಲ್ಲಿಗೇ 735 ಪೌಂಡ್ ಆಯಿತು. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಸಾಮಗ್ರಿ 50. ಕಾರಿನ ಡಿಕ್ಕಿಯಲ್ಲಿ ಕೂಲರ್, ಬ್ಯಾಗು, ಸ್ಟ್ರೋಲರ್, ನೀರಿನ ಬಾಟಲಿ ಅಂತ ಒಂದು 100. ಒಟ್ಟು 885. ಉಳಿದದ್ದು 415 ಪೌಂಡ್.

ಈ 415ರೊಳಗೆ ಟ್ರೇಲರಿನ ಮೂತಿ ಕಾರಿನ ಮೇಲೆ ಹಾಕುವ ಭಾರ ಹಿಡಿಸಬೇಕು. ಅದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಅದು ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು. ತುಂಬಿದ ಟ್ರೇಲರ್ 3,500 ಪೌಂಡ್ ಆದರೆ, ಶೇಕಡಾ 12ರಂತೆ ಹಿಡಿದರೂ 420 ಪೌಂಡ್. ಅಲ್ಲಿಗೆ ಕಾರು ತುಂಬಿತು, ಮಿತಿ ದಾಟಿಯೂ ಆಯಿತು. 5,000 ಎಳೆಯುತ್ತೇನೆ ಎಂದ ಕಾರು 3,500ಕ್ಕೇ ಮುಗಿಯಿತು. ಎಂಜಿನ್ ಇನ್ನೂ ಎಳೆಯುತ್ತದೆ, ನಿಜ. ಸೋಲುವುದು ಹಿಂದಿನ ಆಕ್ಸಲ್, ಸ್ಪ್ರಿಂಗು, ಟೈರು.

ಅಕ್ಕ-ಭಾವ ಇಲ್ಲದೆ ನೀವು ನಾಲ್ಕೇ ಜನ ಹೊರಟರೆ ಅದೇ ಕಾರಿನಲ್ಲಿ 700 ಪೌಂಡ್ ಮಿಕ್ಕುತ್ತದೆ. ಆಗ ಅದೇ ಟ್ರೇಲರ್ ನಿರಾಳವಾಗಿ ಹೋಗುತ್ತದೆ. ಆದ್ದರಿಂದ ಯಾವ ಗಾಡಿ ಎಂಬ ಪ್ರಶ್ನೆ ಶುರುವಾಗಬೇಕಾದದ್ದು ಕಾರಿನಲ್ಲಿ ಯಾರು ಯಾರು ಕೂರುತ್ತಾರೆ ಎಂಬಲ್ಲಿಂದ. ಅಪ್ಪ-ಅಮ್ಮ ಟ್ರೇಲರಿನೊಳಗೆ ಮಲಗಿಕೊಂಡು ಬರಲಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಆ ಯೋಚನೆ ತಲೆಯಿಂದ ತೆಗೆದುಹಾಕು. ಚಲಿಸುವ ಟ್ರಾವೆಲ್ ಟ್ರೇಲರಿನೊಳಗೆ ಜನ ಇರುವುದನ್ನು ಕ್ಯಾಲಿಫೋರ್ನಿಯಾದ ಕಾನೂನು ನಿಷೇಧಿಸಿದೆ. ಅದರೊಳಗೆ ಸೀಟ್ ಬೆಲ್ಟಿಲ್ಲ, ಗೋಡೆಗಳು ಪ್ಲೈವುಡ್ಡಿನಷ್ಟೇ ಗಟ್ಟಿ.

ಟ್ರೇಲರಿನ ತೂಕದಲ್ಲೂ ಇಂಥದೇ ಒಂದು ಮೋಸವಿದೆ. ನೀನು ಹೇಳಿದ 2,800 ಕಾರ್ಖಾನೆಯಿಂದ ಹೊರಬಿದ್ದಾಗಿನ ತೂಕ. ಎಷ್ಟೋ ಸಲ ಬ್ಯಾಟರಿ ಕೂಡ ಅದರಲ್ಲಿ ಸೇರಿರುವುದಿಲ್ಲ, ಡೀಲರ್ ಆಮೇಲೆ ಕೂರಿಸುತ್ತಾನೆ. ಅದು 50 ಪೌಂಡ್. ತುಂಬಿದ ಸಣ್ಣ ಗ್ಯಾಸ್ ಸಿಲಿಂಡರ್ 37ರಷ್ಟು. ನೀರು ಗ್ಯಾಲನ್ನಿಗೆ 8.3 ಪೌಂಡ್ ತೂಗುತ್ತದೆ. 25 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 208. ಇನ್ನು ಹಾಸಿಗೆ, ಹೊದಿಕೆ, ಕುರ್ಚಿ, ಪೈಪು, ಜಾಕು, ಮರದ ದಿಮ್ಮಿಗಳು. ನಮ್ಮ ಮನೆಗಳ ಅಡುಗೆ ಸಾಮಾನನ್ನು ಬೇರೆಯಾಗಿಯೇ ತೂಗಬೇಕು: 20 ಪೌಂಡಿನ ಸೋನಾಮಸೂರಿ ಚೀಲ, ಕುಕ್ಕರು, ದೋಸೆ ಹಂಚು, ಡಬ್ಬಿಗಟ್ಟಲೆ ಹುಳಿಪುಡಿ-ಸಾರಿನಪುಡಿ, ಹಿಟ್ಟಿನ ಪಾತ್ರೆ. ಎಲ್ಲ ಸೇರಿ 450 ಎಂದರೆ ಹೆಚ್ಚೇನಲ್ಲ. ಕೂಡಿಸಿ ನೋಡು: 3,545 ಪೌಂಡ್. ಆ ಟ್ರೇಲರ್ ಹೊರಬಲ್ಲ ಗರಿಷ್ಠ ಒಟ್ಟು ತೂಕವೇ 3,500. ಈ ಗರಿಷ್ಠಕ್ಕೆ ಜಿವಿಡಬ್ಲ್ಯೂಆರ್ ಎನ್ನುತ್ತಾರೆ. ಟ್ರೇಲರಿನ ಎಡಬದಿಯಲ್ಲಿ, ಮುಂಭಾಗದ ಹತ್ತಿರ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಕಾರನ್ನು ಆರಿಸುವಾಗ ಖಾಲಿ ತೂಕವನ್ನು ಬಾಯಲ್ಲೂ ಎತ್ತಬೇಡ. ಜಿವಿಡಬ್ಲ್ಯೂಆರ್ ಎಷ್ಟಿದೆಯೋ ಅಷ್ಟೇ ನಿನ್ನ ಟ್ರೇಲರಿನ ತೂಕ ಎಂದು ತಿಳಿ.

ಮೂತಿಯ ಭಾರ ಕಾರಿಗೆ ಇಷ್ಟು ಹೊರೆಯಾಗುವುದಾದರೆ ಅದನ್ನೇ ಕಡಿಮೆ ಮಾಡಿದರಾಗದೇ ಎಂದು ನಿನಗೆ ತೋಚಬಹುದು. ಸಾಮಾನನ್ನೆಲ್ಲ ಟ್ರೇಲರಿನ ಹಿಂಭಾಗಕ್ಕೆ ತಳ್ಳಿದರೆ ಮೂತಿ ಹಗುರಾಗುತ್ತದಲ್ಲ! ಹಾಗೆ ಮಾಡಬೇಡ. ನಮ್ಮೂರಲ್ಲಿ ತಾತ ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರಿಸುವಾಗ ಎತ್ತು ಹೂಡುವ ಮೊದಲು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಿಂಭಾರವಾಗಿದ್ದರೆ ಒಂದು ಮೂಟೆಯನ್ನು ಮುಂದಕ್ಕೆ ಎಳೆಸುತ್ತಿದ್ದರು. ನೊಗ ಎತ್ತಿನ ಹೆಗಲ ಮೇಲೆ ಒಂದಿಷ್ಟು ಒತ್ತಿಕೊಂಡೇ ಇರಬೇಕು, ಇಲ್ಲದಿದ್ದರೆ ಗಾಡಿ ಕುತ್ತಿಗೆಯ ಹಗ್ಗವನ್ನೇ ಮೇಲಕ್ಕೆ ಜಗ್ಗುತ್ತದೆ. ಎತ್ತಿನ ನಡಿಗೆಯ ವೇಗದಲ್ಲಿ ಆಗುವ ತೊಂದರೆ ಅಷ್ಟೇ. 60 ಮೈಲಿ ವೇಗದಲ್ಲಿ ಹಿಂಭಾರದ ಟ್ರೇಲರ್ ಎಡಕ್ಕೆ ಬಲಕ್ಕೆ ತೂಗಾಡಲು ತೊಡಗುತ್ತದೆ, ಒಂದೊಂದು ತೂಗಿಗೂ ಅದರ ಹರವು ಹೆಚ್ಚುತ್ತದೆ, ಕೊನೆಗೆ ಕಾರನ್ನೂ ತಿರುಗಿಸಿ ಬೀಳಿಸುತ್ತದೆ. ಇದಕ್ಕೆ ಸ್ವೇ ಎನ್ನುತ್ತಾರೆ. ಐ-5 ಹೆದ್ದಾರಿಯಲ್ಲಿ, ಅಡ್ಡಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ನನ್ನ ಮುಂದೆಯೇ ಹೋಗುತ್ತಿದ್ದ ಟ್ರೇಲರೊಂದು ಹೀಗೆ ಆಡತೊಡಗಿದ್ದು ಕಂಡಿದ್ದೇನೆ. ಹಿಂದಿನ ಬಂಪರಿಗೆ ಸೈಕಲ್ಲುಗಳನ್ನು ನೇತುಹಾಕಿದ್ದರು. ಲಾರಿ ಪಕ್ಕಕ್ಕೆ ಬಂದಾಗ ಒಮ್ಮೆ ಅಲುಗಿತು, ಲಾರಿ ದಾಟಿದ ಮೇಲೆ ಇನ್ನೊಮ್ಮೆ. ಆಮೇಲೆ ನಿಲ್ಲಲೇ ಇಲ್ಲ. ಆ ಡ್ರೈವರ್ ಬ್ರೇಕ್ ತುಳಿಯದೆ ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗನ್ನು ನೇರ ಹಿಡಿದಿದ್ದರಿಂದ ಬದುಕಿಕೊಂಡ. ನಿನಗೂ ಅದೇ ಮಾತು. ಟ್ರೇಲರ್ ಆಡಿದರೆ ಕಾಲು ಮೇಲಕ್ಕೆ, ಕೈ ನೇರಕ್ಕೆ. ಕಾರಿನ ಬ್ರೇಕ್ ಮುಟ್ಟಬಾರದು, ಕಾರಿನೊಳಗಿರುವ ಟ್ರೇಲರ್ ಬ್ರೇಕಿನ ಕೈಗುಂಡಿಯನ್ನು ಮೆಲ್ಲಗೆ ಒತ್ತಬೇಕು.

ಮೂತಿಯ ಭಾರ ಕೂರುವ ಗುಂಡು ಹಿಂದಿನ ಚಕ್ರಕ್ಕಿಂತ ಸುಮಾರು ನಾಲ್ಕು ಅಡಿ ಹಿಂದಿರುತ್ತದೆ. ಇದು ಸನ್ನೆಗೋಲಿನ ಲೆಕ್ಕ. ಮುಂದಿನ-ಹಿಂದಿನ ಚಕ್ರಗಳ ಅಂತರ ಒಂಬತ್ತೂಕಾಲು ಅಡಿ ಇರುವ ಕಾರಿಗೆ 400 ಪೌಂಡ್ ನೇತುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 570 ಪೌಂಡಿಗೂ ಹೆಚ್ಚು. ಮುಂದಿನ ಚಕ್ರಗಳಿಂದ 170 ಪೌಂಡಿನಷ್ಟು ಎದ್ದುಹೋಗುತ್ತದೆ. ತಿರುಗುವುದೂ, ಬ್ರೇಕಿನ ಹೆಚ್ಚು ಪಾಲೂ ಮುಂದಿನ ಚಕ್ರಗಳ ಕೆಲಸ ಎಂಬುದನ್ನು ನೆನಪಿಡು. ಚಕ್ರಗಳ ಅಂತರ ಉದ್ದವಿದ್ದಷ್ಟೂ, ಹಿಂಭಾಗದ ಚಾಚು ಗಿಡ್ಡವಿದ್ದಷ್ಟೂ ಒಳ್ಳೆಯದು. ಮೂತಿಯ ಭಾರವನ್ನು ಸ್ಪ್ರಿಂಗ್ ಸರಳುಗಳಿಂದ ಮುಂದಿನ ಚಕ್ರಗಳಿಗೂ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಂಬ ಸಾಧನ ಸಿಗುತ್ತದೆ. ಬಹಳ ಉಪಯುಕ್ತ. ಆದರೆ ಕೆಲವು ಕಾರುಗಳ ಕೈಪಿಡಿಯಲ್ಲಿ ಅದನ್ನು ಹಾಕಬೇಡಿ ಎಂದೇ ಬರೆದಿರುತ್ತದೆ. ಕಾರು ಕೊಳ್ಳುವ ಮೊದಲೇ ಕೈಪಿಡಿಯ ಟೋಯಿಂಗ್ ಅಧ್ಯಾಯ ಓದಿಬಿಡು. ಎಲ್ಲ ಕಂಪನಿಗಳೂ ಅದನ್ನು ಪುಕ್ಕಟೆಯಾಗಿ ಓದಲು ಇಟ್ಟಿವೆ.

ಹಾಗಾದರೆ ಆ 5,000 ಎಂಬ ಸಂಖ್ಯೆ ಎಲ್ಲಿಂದ ಬಂತು? ಇಲ್ಲಿ ಎಸ್‌ಎಇ ಜೆ2807 ಎಂಬ ಪರೀಕ್ಷಾ ಮಾನದಂಡವಿದೆ. ಅದಕ್ಕೆ ಮೊದಲು ಕಂಪನಿಗಳು ತಮಗೆ ತೋಚಿದ ಸಂಖ್ಯೆ ಬರೆದುಕೊಳ್ಳುತ್ತಿದ್ದವು. 2011ರ ಮಾದರಿಗಳಿಂದ ಟೊಯೋಟಾ ಮೊದಲಿಗೆ ಇದಕ್ಕೆ ಬದ್ಧವಾಯಿತು, ಉಳಿದವರು ನಿಧಾನಕ್ಕೆ ಹಿಂದೆ ಬಂದರು. ಅರಿಜೋನಾದ ಬುಲ್‌ಹೆಡ್ ಸಿಟಿ ಪಕ್ಕದ ಡೇವಿಸ್ ಡ್ಯಾಮ್ ಏರನ್ನು ಮಾದರಿಯಾಗಿ ಇಟ್ಟುಕೊಂಡು, 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ, ಎಸಿ ಪೂರ್ತಿ ಹಾಕಿ, ಹನ್ನೊಂದು ಮೈಲಿಗೂ ಹೆಚ್ಚು ದೂರ ಹತ್ತಿಸುತ್ತಾರೆ. ಒಳ್ಳೆಯ, ಪ್ರಾಮಾಣಿಕ ಪರೀಕ್ಷೆ ಅದು, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಕಾರಿನಲ್ಲಿ ಡ್ರೈವರ್ ಮತ್ತು ಇನ್ನೊಬ್ಬರು, ತಲಾ 150 ಪೌಂಡ್ ಎಂದು ಹಿಡಿಯುತ್ತಾರೆ. ಮಕ್ಕಳಿಲ್ಲ, ಅಜ್ಜ-ಅಜ್ಜಿ ಇಲ್ಲ, ಅಕ್ಕಿ ಚೀಲವಿಲ್ಲ. ಹೋಂಡಾದ ಕೆಲವು ಕೈಪಿಡಿಗಳಲ್ಲಿ ಕೂತವರ ಸಂಖ್ಯೆ ಹೆಚ್ಚಿದಂತೆ ಎಳೆಯಬಹುದಾದ ತೂಕ ಹೇಗೆ ಇಳಿಯುತ್ತದೆ ಎಂದು ಕೋಷ್ಟಕವನ್ನೇ ಕೊಟ್ಟಿದ್ದಾರೆ. ಎಲ್ಲರೂ ಹಾಗೆ ಕೊಡಬೇಕಿತ್ತು.

ಎತ್ತರದ ವಿಚಾರವನ್ನು ಕಡಲಮಟ್ಟದಲ್ಲಿ ಮನೆ ಮಾಡಿಕೊಂಡ ನೀವು ಮರೆಯುತ್ತೀರಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಟಾಹೋಗೆ ಹೋಗುವ ಐ-80 ಹೆದ್ದಾರಿ ಡಾನರ್ ಬಳಿ 7,239 ಅಡಿ ಏರುತ್ತದೆ. ಅಲ್ಲಿ ಐದರಲ್ಲೊಂದು ಪಾಲು ಬಲವಿಲ್ಲ. ಯೊಸೆಮಿಟಿಯ ಟಿಯೋಗಾ ಪಾಸ್ 9,945 ಅಡಿ. ಸುಮಾರು ಮೂರರಲ್ಲೊಂದು ಪಾಲು ಇಲ್ಲ. ಟರ್ಬೋ ಎಂಜಿನ್ನಿಗೆ ಈ ನಷ್ಟ ಕಡಿಮೆ. ಎಂಜಿನ್ನಿಗಿಂತ ಬೇಗ ಸೋಲುವುದು ಗೇರ್‌ಬಾಕ್ಸ್. ಅದರ ಎಣ್ಣೆ ಕಾದರೆ ಅದರ ಆಯಸ್ಸು ಮುಗಿಯುತ್ತ ಬರುತ್ತದೆ. ಕಾರ್ಖಾನೆಯಿಂದಲೇ ಬರುವ ಟೋ ಪ್ಯಾಕೇಜಿನಲ್ಲಿ ಎಷ್ಟೋ ಗಾಡಿಗಳಿಗೆ ದೊಡ್ಡ ರೇಡಿಯೇಟರ್, ಗೇರ್‌ಬಾಕ್ಸ್ ಎಣ್ಣೆಗೆ ಪ್ರತ್ಯೇಕ ಕೂಲರ್ ಬರುತ್ತವೆ. ಫೋರ್ಡ್ ಮ್ಯಾವರಿಕ್ ಎಂಬ ಸಣ್ಣ ಪಿಕಪ್ ನೋಡು: ಸುಮ್ಮನೆ ಕೊಂಡರೆ 2,000 ಪೌಂಡ್, ಟೋ ಪ್ಯಾಕೇಜ್ ಸಮೇತ 4,000. ಆಮೇಲೆ ಹೊರಗಿನ ಅಂಗಡಿಯಲ್ಲಿ ಹಿಚ್ ಎಂಬ ಕೊಕ್ಕೆ ಹಾಕಿಸಿಕೊಂಡರೆ ಈ ಸಂಖ್ಯೆ ಏರುವುದಿಲ್ಲ. ನಿನ್ನ ರಾವ್‌ಫೋರಿಗೆ 3,500 ಎಂದು ಕೆತ್ತಿದ ಹಿಚ್ ಬಿಗಿಸಿಕೊಡುವವರು ಸಿಗುತ್ತಾರೆ. ಆ 3,500 ಕಬ್ಬಿಣದ ಶಕ್ತಿ. ಕಾರಿನದು 1,750, ಅಷ್ಟೇ.

ಬ್ರೇಕಿನ ವಿಷಯ ಸ್ವಲ್ಪ ನಿಧಾನವಾಗಿ ಓದು. ಡಾನರ್‌ನಿಂದ ಸ್ಯಾಕ್ರಮೆಂಟೋವರೆಗೆ ನೂರು ಮೈಲಿಯೊಳಗೆ ಏಳು ಸಾವಿರ ಅಡಿ ಇಳಿಯಬೇಕು. ಏರಿದ್ದು ಎಂಜಿನ್ನಿನ ಕೆಲಸ. ಇಳಿಯುವಾಗ ಆ ಶಕ್ತಿಯನ್ನೆಲ್ಲ ಯಾರಾದರೂ ತಡೆಹಿಡಿಯಬೇಕಲ್ಲ. ನಿನ್ನ ಕಾರಿನ ಬ್ರೇಕು ಕಾರಿನ ಸ್ವಂತ ಗರಿಷ್ಠ ತೂಕಕ್ಕೆ, ಅಂದರೆ 6,000 ಪೌಂಡಿನ ಆಸುಪಾಸಿಗೆ ಮಾಡಿದ್ದು. ಟ್ರೇಲರ್ ಸೇರಿದರೆ ಅದರ ಒಂದೂವರೆ ಪಟ್ಟು. ಅದಕ್ಕೇ ಟ್ರೇಲರಿಗೆ ತನ್ನದೇ ವಿದ್ಯುತ್ ಬ್ರೇಕ್ ಇರಬೇಕು, ಅದನ್ನು ನಡೆಸುವ ಬ್ರೇಕ್ ಕಂಟ್ರೋಲರ್ ಕಾರಿನಲ್ಲಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮುಟ್ಟಿದ ಟ್ರಾವೆಲ್ ಟ್ರೇಲರಿಗೆ ಬ್ರೇಕು ಕಡ್ಡಾಯ. ಕಾರಿನ ಹಿಂದಿನ ವೈರಿನ ಸಾಕೆಟ್ ನೋಡಿಯೇ ಕೊಳ್ಳು. ನಾಲ್ಕು ಪಿನ್ನಿನದಾದರೆ ಅದರಲ್ಲಿ ದೀಪಗಳಿಗೆ ಮಾತ್ರ ಕರೆಂಟು ಹೋಗುತ್ತದೆ. ಏಳು ಪಿನ್ನಿನದು ಬೇಕು. ಬ್ರೇಕಿಗೂ ಬ್ಯಾಟರಿ ಚಾರ್ಜಿಗೂ ಅದರಲ್ಲೇ ತಂತಿ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸುವ ಸಣ್ಣ ಸ್ವಿಚ್ಚು, ಅದರ ತೆಳು ಉಕ್ಕಿನ ಹಗ್ಗ ಮೂತಿಯ ಬಳಿ ಇರುತ್ತದೆ. ಆ ಹಗ್ಗವನ್ನು ಸುರಕ್ಷತೆಯ ಸರಪಳಿಗೆ ಸುತ್ತದೆ ನೇರವಾಗಿ ಕಾರಿಗೇ ಸಿಕ್ಕಿಸು. ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗ ತಡೆ. ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿದರೆ ಅದು ಕಾದು, ಬೇಕಾದಾಗ ಹಿಡಿಯುವುದಿಲ್ಲ. ಯೊಸೆಮಿಟಿಗೆ 120ನೇ ಹೆದ್ದಾರಿಯಲ್ಲಿ ಹೋಗುವಾಗ ಓಲ್ಡ್ ಪ್ರೀಸ್ಟ್ ಗ್ರೇಡ್ ಎಂಬ ಕಡಿದಾದ ದಾರಿಯನ್ನು ಫೋನಿನ ನಕ್ಷೆ ತೋರಿಸಿದರೂ ಹಿಡಿಯಬೇಡ, ನ್ಯೂ ಪ್ರೀಸ್ಟ್ ಗ್ರೇಡ್‌ನಲ್ಲಿ ಸುತ್ತಿಕೊಂಡು ಹೋಗು.

ವೇಗಮಿತಿ ಈ ರಾಜ್ಯದಲ್ಲಿ ಟ್ರೇಲರ್ ಎಳೆಯುವವರಿಗೆ 55 ಮೈಲಿ, ಬಲಗಡೆಯ ಸಾಲಿನಲ್ಲಿ. ಜನ 70ರಲ್ಲಿ ಹೋಗುತ್ತಾರೆ, ನೀನು ಹೋಗಬೇಡ. 55ರಿಂದ 65ಕ್ಕೆ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾಗುವ ಎಂಜಿನ್ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಎಷ್ಟೋ ಟ್ರೇಲರ್ ಟೈರುಗಳನ್ನು ಮಾಡಿರುವುದೂ 65ರ ವೇಗಕ್ಕೆ.

ಇನ್ನು ಗಾಡಿಗಳ ಹೆಸರು. ನೀವು ನಾಲ್ಕು ಜನರಾದರೆ ಹೋಂಡಾ ಪೈಲಟ್‌ನ ನಾಲ್ಕೂ ಚಕ್ರಕ್ಕೆ ಬಲವಿರುವ ಮಾದರಿ, ಪೆಟ್ರೋಲಿನ ಟೊಯೋಟಾ ಹೈಲ್ಯಾಂಡರ್, ಸುಬಾರು ಅಸೆಂಟ್ ಇವುಗಳಲ್ಲಿ ಯಾವುದಾದರೂ ಸರಿ. ಮೂರರ ರೇಟಿಂಗೂ 5,000. ಟ್ರೇಲರಿನ ಜಿವಿಡಬ್ಲ್ಯೂಆರ್ 3,500 ದಾಟದಂತೆ ನೋಡಿಕೋ. ಎರಡು ಚಕ್ರಕ್ಕೆ ಮಾತ್ರ ಬಲವಿರುವ ಪೈಲಟ್, ಹೈಬ್ರಿಡ್ ಹೈಲ್ಯಾಂಡರ್ ಎರಡೂ 3,500ಕ್ಕೆ ಇಳಿಯುತ್ತವೆ; ಒಂದೇ ಹೆಸರು ಎಂದು ಮೋಸಹೋಗಬೇಡ. ಮಿನಿವ್ಯಾನನ್ನು ನಮ್ಮವರು ಯಾಕೋ ಕೀಳಾಗಿ ಕಾಣುತ್ತಾರೆ. ಸಿಯೆನ್ನಾದ ಚಕ್ರಗಳ ಅಂತರ 120 ಅಂಗುಲಕ್ಕೂ ಹೆಚ್ಚು, ನಿನ್ನ ರಾವ್‌ಫೋರಿನದು 106. ಮೈ ತಗ್ಗು, ಗಾಳಿಗೆ ಅಲುಗುವುದಿಲ್ಲ, 3,500ರ ರೇಟಿಂಗೂ ಇದೆ. ಸ್ಕ್ಯಾಂಪಿನಂಥ ಹಗುರ ಟ್ರೇಲರಿಗೆ ನಾನಾದರೆ ಸಿಯೆನ್ನಾವನ್ನೇ ಆರಿಸುತ್ತೇನೆ.

ಆರು ಜನರೂ ಒಂದೇ ಕಾರಿನಲ್ಲಿ ಕೂತು 3,500ರ ಟ್ರೇಲರ್ ಎಳೆಯಲೇಬೇಕು ಎಂದರೆ ಟ್ರಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ ಷೆವರ್ಲೆ ಟಾಹೋ, ಫೋರ್ಡ್ ಎಕ್ಸ್‌ಪೆಡಿಷನ್, ಟೊಯೋಟಾ ಸಿಕೋಯಾ ಇವುಗಳ ಕಡೆ ಹೋಗಬೇಕು. ಅವು ಸಲೀಸಾಗಿ ಎಳೆಯುತ್ತವೆ. ಆದರೆ ವರ್ಷವಿಡೀ ಆಫೀಸಿಗೂ ಮಕ್ಕಳ ಶಾಲೆಗೂ ಅಷ್ಟು ದೊಡ್ಡ ಗಾಡಿ ಓಡಿಸಿ ಪೆಟ್ರೋಲ್ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಸಲಹೆ ಬೇರೆ. ಮೂರು ಸಾಲಿನ 5,000ದ ಗಾಡಿ ಕೊಂಡು ರಾವ್‌ಫೋರನ್ನೂ ಇಟ್ಟುಕೋ. ಅಕ್ಕ-ಭಾವ ಬಂದಾಗ ನೀನು ಮಕ್ಕಳನ್ನು ಕೂರಿಸಿಕೊಂಡು ಟ್ರೇಲರ್ ಎಳೆ. ಸೊಸೆ ರಾವ್‌ಫೋರಿನಲ್ಲಿ ಅವರಿಬ್ಬರನ್ನು ಕರೆದುಕೊಂಡು ಹಿಂದೆ ಬರಲಿ. ಭಾವನಿಗೆ ಮಂಡಿ ನೋವು, ಗಂಟೆಗೊಮ್ಮೆ ಇಳಿದು ನಡೆಯಬೇಕು. ಸಣ್ಣ ಕಾರಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಟ್ರೇಲರ್ ಕಟ್ಟಿಕೊಂಡ ಗಾಡಿಗೆ ಆ ಸೌಕರ್ಯವಿಲ್ಲ.

ನಿನ್ನ ಗೆಳೆಯನ ಟೆಸ್ಲಾ ಮಾಡೆಲ್ ವೈ ಬಗ್ಗೆಯೂ ಕೇಳಿದ್ದೆ. ಅದರ ರೇಟಿಂಗ್ 3,500, ಎಳೆತದ ಬಲ ಧಾರಾಳ. ಆದರೆ ಎತ್ತರದ ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿಗೆ ಹೋಗುವ ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ; ಚಾರ್ಜರ್‌ಗಳ ಮುಂದೆ ಜಾಗ ಇರುವುದು ಕಾರಿಗೆ ಮಾತ್ರ, ಆದ್ದರಿಂದ ಎಷ್ಟೋ ಕಡೆ ಟ್ರೇಲರ್ ಕಳಚಿಟ್ಟು ಹೋಗಬೇಕು. ಸಂಸಾರ ಕಟ್ಟಿಕೊಂಡು ಸಿಯೆರಾ ಬೆಟ್ಟ ಹತ್ತುವವನಿಗೆ ಸದ್ಯಕ್ಕೆ ನಾನು ಅದನ್ನು ಹೇಳುವುದಿಲ್ಲ.

ಏನೇ ಕೊಂಡರೂ ಮೊದಲ ಪ್ರಯಾಣಕ್ಕೆ ಮುಂಚೆ ತೂಗಿಸು. ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇದೆ, ಯಾರು ಬೇಕಾದರೂ ಹೋಗಬಹುದು. ಎಲ್ಲರೂ ಕೂತು, ನೀರು ತುಂಬಿ, ಸಾಮಾನು ಹೇರಿ, ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನವು ಇನ್ನೊಂದರ ಮೇಲೆ, ಟ್ರೇಲರಿನವು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸು. ಮೂರು ಸಂಖ್ಯೆಗಳ ಚೀಟಿ ಕೊಡುತ್ತಾರೆ. ಆಮೇಲೆ ಟ್ರೇಲರನ್ನು ಪಕ್ಕಕ್ಕೆ ನಿಲ್ಲಿಸಿ ಕಾರನ್ನು ಮಾತ್ರ ಅದೇ ಜನರೊಂದಿಗೆ ಮತ್ತೆ ತೂಗಿಸು. ಎರಡು ಚೀಟಿಯಲ್ಲಿ ಕಾರಿನ ತೂಕಕ್ಕಿರುವ ವ್ಯತ್ಯಾಸವೇ ನಿನ್ನ ನಿಜವಾದ ಟಂಗ್ ವೇಟ್. ಮುಂದಿನ ಚಕ್ರಗಳ ಸಂಖ್ಯೆ ಎಷ್ಟು ಇಳಿದಿದೆ ಎಂಬುದನ್ನೂ ನೋಡು. ಹಿಂದಿನ ಆಕ್ಸಲ್ಲಿನ ಮಿತಿ ಬಾಗಿಲ ಕಂಬದ ಇನ್ನೊಂದು ಚೀಟಿಯಲ್ಲಿದೆ, ಅದಕ್ಕೆ ಹೋಲಿಸು. ಮೂತಿಯ ಭಾರ ಶೇಕಡಾ 10ಕ್ಕಿಂತ ಕಡಿಮೆ ಬಂದರೆ ಹಿಂದಿನ ಸಾಮಾನನ್ನು ಟ್ರೇಲರಿನ ಆಕ್ಸಲ್ಲಿನ ಮುಂದಕ್ಕೆ ತಂದು ಇನ್ನೊಮ್ಮೆ ತೂಗಿಸು. ಅರ್ಧ ದಿನ ಹೋದರೆ ಹೋಗಲಿ.

ಶನಿವಾರ ಅಂಗಡಿಗೆ ಹೋಗುತ್ತೇವೆ ಎಂದಿದ್ದೀ. ಹೋಗು, ನೋಡು, ಓಡಿಸು. ಮನಸ್ಸಿಗೆ ಬಂದ ಪ್ರತಿ ಗಾಡಿಯ ಬಾಗಿಲಿನ ಸ್ಟಿಕರ್, ಹಿಂದಿನ ಸಾಕೆಟ್, ಹಿಚ್ಚಿನ ಮೇಲೆ ಅಂಟಿಸಿದ ಚೀಟಿ ಈ ಮೂರರ ಫೋಟೋ ತೆಗೆದು ನನಗೆ ಕಳಿಸು. ಟ್ರೇಲರಿನ ಎಡಬದಿಯ ಚೀಟಿಯದೂ ಬೇಕು. ಭಾನುವಾರ ಬೆಳಿಗ್ಗೆ ಕೂತು ನಿಮ್ಮ ಆರು ಜನರ ತೂಕ ಹಾಕಿ ಲೆಕ್ಕ ಮಾಡೋಣ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ, ಯಾವ ಕಾಗದಕ್ಕೂ ಸಹಿ ಹಾಕಬೇಡ.

ಅಕ್ಕ-ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಮುದ್ದು.

ಇಂತಿ,
ನಿನ್ನ ಮಾವ